ಊರ ಚುನಾವಣೆಗೆ ಕಂಪನಿ ದುಡ್ಡು: ಪದೇ ಪದೇ ಕೇಳುವ ಪ್ರಶ್ನೆಗಳು

ಗ್ರಾಮ ಪಂಚಾಯಿತಿ, ಪುರಸಭೆ, ನಗರಸಭೆ, ಪಾಲಿಕೆ ಚುನಾವಣೆ ಬಂದಾಗಲೆಲ್ಲ ನೆಂಟರು, ಗೆಳೆಯರು, ಗ್ರಾಮ ಸಭೆಯಲ್ಲಿ ಪಕ್ಕ ಕುಳಿತವರು ನನ್ನನ್ನು ಕೇಳುವ ಪ್ರಶ್ನೆಗಳಿವು. ನಾನು ವಕೀಲನಲ್ಲ. ತುಮಕೂರು ಕಡೆಯ ಹಳ್ಳಿಯವನು. ಕ್ರಷರ್ ದೂಳಿನ ಜಗಳದಿಂದ ಶುರುವಾಗಿ ಪಂಚಾಯಿತಿ ಕಾನೂನು ಓದುವವರೆಗೆ ಬಂದವನು. ಗೊತ್ತಿರುವಷ್ಟನ್ನು ಬರೆದಿದ್ದೇನೆ.

ಇಷ್ಟು ಸಣ್ಣ ಚುನಾವಣೆಯಲ್ಲಿ ಕಂಪನಿಗಳಿಗೆ ಏನು ಕೆಲಸ?

ಪಂಚಾಯಿತಿ ಕೈಯಲ್ಲಿ ಏನಿದೆ ಅಂತ ಒಮ್ಮೆ ನೋಡಿ. ಊರಲ್ಲಿ ಕಾರ್ಖಾನೆ ಕಟ್ಟಲು, ಯಂತ್ರ ಕೂರಿಸಲು ಪಂಚಾಯಿತಿ ಅನುಮತಿ ಬೇಕು. ಕಟ್ಟಡದ ತೆರಿಗೆ ಹಾಕುವುದು ಪಂಚಾಯಿತಿ. ರೆಸಾರ್ಟ್, ಲೇಔಟ್, ಜಲ್ಲಿ ಕ್ರಷರ್, ಕೋಳಿ ಫಾರಂ, ಗೋದಾಮು, ಯಾವುದೇ ಇರಲಿ, ಎಲ್ಲೋ ಒಂದು ಕಡೆ ಪಂಚಾಯಿತಿಯ ಮೊಹರು ಬೀಳಲೇಬೇಕು. ಪಟ್ಟಣದಲ್ಲಾದರೆ ಕಸದ ಗುತ್ತಿಗೆ, ಬೀದಿ ದೀಪ, ನೀರು, ಮಳಿಗೆಗಳ ಹರಾಜು ಎಲ್ಲವೂ ಸೇರುತ್ತವೆ. ಕಂಪನಿಗೆ ದೆಹಲಿಯ ಸಂಸದರಿಗಿಂತ ಇಲ್ಲಿನ ಒಂಬತ್ತು ಹತ್ತು ಸದಸ್ಯರೇ ಎಷ್ಟೋ ಸಲ ಮುಖ್ಯ.

ಇನ್ನು ಲೆಕ್ಕ. ಕರ್ನಾಟಕದ ಕಾಯ್ದೆ ಪ್ರಕಾರ ಸುಮಾರು 400 ಜನಸಂಖ್ಯೆಗೆ ಒಬ್ಬ ಗ್ರಾಮ ಪಂಚಾಯಿತಿ ಸದಸ್ಯ. ಮಕ್ಕಳನ್ನು ಬಿಟ್ಟರೆ ಮತದಾರರು ಇನ್ನೂ ಕಡಿಮೆ. ಹತ್ತಿಪ್ಪತ್ತು ಮತದಲ್ಲಿ ಗೆಲುವು ಸೋಲು ತೀರ್ಮಾನವಾಗುತ್ತದೆ. ವಿಧಾನಸಭೆ ಚುನಾವಣೆಯಲ್ಲಿ ಲೆಕ್ಕಕ್ಕೇ ಬಾರದ ಮೊತ್ತ ಇಲ್ಲಿ ಇಡೀ ವಾರ್ಡನ್ನು ತಿರುಗಿಸಿಬಿಡುತ್ತದೆ. ಅದಕ್ಕೇ ನಾನು ಸಣ್ಣ ಚುನಾವಣೆ ಬಗ್ಗೆಯೇ ಜಾಸ್ತಿ ತಲೆ ಕೆಡಿಸಿಕೊಳ್ಳುವುದು.

ಕಂಪನಿ ದುಡ್ಡು ಅಂದರೆ ಪಕ್ಷಕ್ಕೆ ಕೊಡುವ ದೇಣಿಗೆ ತಾನೆ?

ಹಳ್ಳಿಯಲ್ಲಿ ಅದು ದೇಣಿಗೆ ರೂಪದಲ್ಲಿ ಬರುವುದೇ ಅಪರೂಪ. ಜಾತ್ರೆಯ ಖರ್ಚು, ದೇವಸ್ಥಾನದ ಗೋಪುರ, ಹೈಮಾಸ್ಟ್ ದೀಪ, ಹುಡುಗರ ಕ್ರಿಕೆಟ್ ಪಂದ್ಯದ ಕಪ್ಪು, ಯಾರದೋ ಮಗನಿಗೆ ಸೆಕ್ಯುರಿಟಿ ಕೆಲಸ, ಇನ್ಯಾರದೋ ಟ್ರ್ಯಾಕ್ಟರ್‌ಗೆ ಬಾಡಿಗೆ. ಇವೆಲ್ಲ ಚುನಾವಣೆಗೆ ಎರಡು ಮೂರು ತಿಂಗಳ ಮುಂಚೆ ಶುರುವಾಗುತ್ತವೆ. ನೀತಿ ಸಂಹಿತೆ ಜಾರಿಯಾಗುವ ಹೊತ್ತಿಗೆ ಕೆಲಸ ಮುಗಿದಿರುತ್ತದೆ.

ನಮ್ಮೂರಲ್ಲಿ ಆಗಿದ್ದು ಹೇಳುತ್ತೇನೆ. ಊರ ಹೊರಗಿನ ಕ್ರಷರ್ ದೂಳು ಕಣದಲ್ಲಿ ಒಣಗಲು ಹಾಕಿದ ರಾಗಿ ಮೇಲೆ ಕೂರುತ್ತಿತ್ತು. ಅಮ್ಮ ಮೊರದಲ್ಲಿ ಎಷ್ಟು ಕೇರಿದರೂ ಹಿಟ್ಟು ಹಲ್ಲಿಗೆ ಕರಕರ ಅನ್ನುತ್ತಿತ್ತು. ಮೂರು ಗ್ರಾಮ ಸಭೆಗಳಲ್ಲಿ ದೂರು ಹೇಳಿದ್ದೆವು. ಚುನಾವಣೆಗೆ ಸ್ವಲ್ಪ ಮುಂಚೆ ಅದೇ ಕ್ರಷರ್‌ನವರು ಶುದ್ಧ ನೀರಿನ ಘಟಕ ಹಾಕಿಸಿಕೊಟ್ಟರು. ಉದ್ಘಾಟನೆಗೆ ಬಂದ ಇಬ್ಬರು ಮುಂದೆ ಅಭ್ಯರ್ಥಿಗಳಾದರು, ಗೆದ್ದರು. ಆಮೇಲೆ ನಡೆದ ಗ್ರಾಮ ಸಭೆಯಲ್ಲಿ ದೂಳಿನ ಮಾತು ಎತ್ತಿದರೆ ಪಕ್ಕದವರೇ, "ಸುಮ್ನಿರಪ್ಪ, ನೀರು ಕೊಟ್ಟಿದ್ದಾರೆ" ಅಂದರು. ಯಾರೂ ಯಾರಿಗೂ ಲಂಚ ಕೊಡಲಿಲ್ಲ. ಒಂದು ರೂಪಾಯಿ ಪಕ್ಷಕ್ಕೆ ಹೋಗಲಿಲ್ಲ. ಆದರೂ ನಮ್ಮ ಬಾಯಿ ಕಟ್ಟಿತು.

ಕಾನೂನು ಏನು ಹೇಳುತ್ತದೆ?

ಇದಕ್ಕೆ ಹಳೆಯ ಕಥೆಯಿದೆ. 1957ರಲ್ಲಿ ಟಾಟಾ ಉಕ್ಕಿನ ಕಂಪನಿ ರಾಜಕೀಯ ಪಕ್ಷಗಳಿಗೆ ಹಣ ಕೊಡಲು ಅವಕಾಶವಾಗುವಂತೆ ತನ್ನ ನಿಯಮಾವಳಿ ಬದಲಿಸಲು ಹೊರಟಿತು. ವಿಷಯ ಬಾಂಬೆ ಹೈಕೋರ್ಟ್‌ಗೆ ಹೋಯಿತು. ಮುಖ್ಯ ನ್ಯಾಯಮೂರ್ತಿ ಎಂ.ಸಿ. ಚಾಗ್ಲಾ ಅವರಿಗೆ ಆಗಿದ್ದ ಕಾನೂನಿನಲ್ಲಿ ತಡೆಯಲು ದಾರಿ ಇರಲಿಲ್ಲ. ಆದರೆ ಈ ಅಪಾಯ ಬೆಳೆದು ದೇಶದ ಪ್ರಜಾಪ್ರಭುತ್ವದ ಕತ್ತನ್ನೇ ಹಿಸುಕಬಹುದು ಎಂದು ಅವರು ತೀರ್ಪಿನಲ್ಲೇ ಎಚ್ಚರಿಸಿದರು. 1969ರಲ್ಲಿ ಕಂಪನಿ ದೇಣಿಗೆಯನ್ನೇ ನಿಷೇಧಿಸಲಾಯಿತು. 1985ರಲ್ಲಿ ಮತ್ತೆ ಬಾಗಿಲು ತೆರೆಯಿತು. ಲಾಭದ ಶೇ 5ರವರೆಗೆ ಕೊಡಬಹುದು ಅಂತಾಯಿತು. 2013ರ ಕಂಪನಿ ಕಾಯ್ದೆಯಲ್ಲಿ ಅದು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 7.5 ಆಯಿತು.

2017ರಲ್ಲಿ ಆ ಮಿತಿಯನ್ನೇ ತೆಗೆದುಹಾಕಿದರು. ಕೊಟ್ಟವರ ಹೆಸರು ಹೊರಗೆ ಬಾರದಂತೆ ಬ್ಯಾಂಕಿನಿಂದ ಕೊಂಡು ಪಕ್ಷಕ್ಕೆ ಕೊಡುವ ಚುನಾವಣಾ ಬಾಂಡ್ ಬಂದಿದ್ದೂ ಆಗಲೇ. ನಷ್ಟದಲ್ಲಿರುವ ಕಂಪನಿಯೂ ಎಷ್ಟು ಬೇಕಾದರೂ ಕೊಡಬಹುದಿತ್ತು, ಯಾವ ಪಕ್ಷಕ್ಕೆ ಅಂತ ಹೇಳಬೇಕಿರಲಿಲ್ಲ. 2024ರ ಫೆಬ್ರುವರಿ 15ರಂದು ಸುಪ್ರೀಂ ಕೋರ್ಟ್‌ನ ಐವರು ನ್ಯಾಯಮೂರ್ತಿಗಳು ಒಮ್ಮತದಿಂದ ಬಾಂಡ್ ಯೋಜನೆಯನ್ನೂ, ಮಿತಿ ತೆಗೆದ ತಿದ್ದುಪಡಿಯನ್ನೂ ರದ್ದು ಮಾಡಿದರು. ಅಲ್ಲಿಗೆ ಹಳೆಯ ಶೇ 7.5ರ ಮಿತಿ ಮತ್ತೆ ಜೀವ ಪಡೆಯಿತು. ಕಂಪನಿ ಆಡಳಿತ ಮಂಡಳಿಯಲ್ಲಿ ನಿರ್ಣಯ ಮಾಡಬೇಕು, ಬ್ಯಾಂಕ್ ಮೂಲಕವೇ ಕೊಡಬೇಕು, ಯಾವ ಪಕ್ಷಕ್ಕೆ ಎಷ್ಟು ಅಂತ ಲೆಕ್ಕಪತ್ರದಲ್ಲಿ ತೋರಿಸಬೇಕು. ಸರ್ಕಾರಿ ಕಂಪನಿಗಳು ಮತ್ತು ಮೂರು ವರ್ಷ ತುಂಬದ ಕಂಪನಿಗಳು ಕೊಡುವ ಹಾಗೇ ಇಲ್ಲ. ತಪ್ಪಿದರೆ ಕೊಟ್ಟ ಮೊತ್ತದ ಐದು ಪಟ್ಟಿನವರೆಗೆ ದಂಡ, ಹೊಣೆ ಹೊತ್ತ ಅಧಿಕಾರಿಗಳಿಗೆ ಆರು ತಿಂಗಳವರೆಗೆ ಜೈಲು ಆಗಬಹುದು.

ಆದರೆ ಗ್ರಾಮ ಪಂಚಾಯಿತಿಯಲ್ಲಿ ಪಕ್ಷದ ಚಿಹ್ನೆಯೇ ಇಲ್ಲವಲ್ಲ?

ಈ ಪ್ರಶ್ನೆ ಕೇಳಿದವರಿಗೆ ನನ್ನ ನಮಸ್ಕಾರ. ತೂತು ಇರುವುದು ಇಲ್ಲೇ.

ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷರಹಿತ. ಕಂಪನಿ ಕಾಯ್ದೆಯ 182ನೇ ಕಲಂ ಮಾತಾಡುವುದು ನೋಂದಾಯಿತ ರಾಜಕೀಯ ಪಕ್ಷಗಳ ಬಗ್ಗೆ. ಪಕ್ಷವೇ ಇಲ್ಲದ ಕಣದಲ್ಲಿ, ಯಾವ ಚಿಹ್ನೆಯೂ ಇಲ್ಲದ ರಂಗಣ್ಣನಿಗೋ ಗಂಗಮ್ಮನಿಗೋ ಕಂಪನಿ ನೆರವಾದರೆ ಆ ಕಲಂ ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ. ಬೇಸರದ ಸಂಗತಿ ಅಂದರೆ, 1985ರ ಹಳೆಯ ಕಲಂ ಇದಕ್ಕಿಂತ ಅಗಲವಾಗಿತ್ತು. ಪಕ್ಷಕ್ಕೆ ಕೊಡುವುದರ ಜೊತೆಗೆ, ರಾಜಕೀಯ ಉದ್ದೇಶಕ್ಕೆ ಯಾವುದೇ ವ್ಯಕ್ತಿಗೆ ಕೊಡುವುದೂ ಅದರೊಳಗೆ ಬರುತ್ತಿತ್ತು. 2013ರಲ್ಲಿ ಬರೆಯುವಾಗ ಆ ಮಾತು ಬಿಟ್ಟುಹೋಯಿತು. ದೊಡ್ಡ ಚುನಾವಣೆ ಕಣ್ಣ ಮುಂದಿಟ್ಟುಕೊಂಡು ಬರೆದ ಕಾನೂನಿಗೆ ನಮ್ಮ ಊರು ಕಾಣಲಿಲ್ಲ.

ಹಾಗಂತ ಏನೂ ಇಲ್ಲ ಅನ್ನುವಂತಿಲ್ಲ. ಭಾರತೀಯ ನ್ಯಾಯ ಸಂಹಿತೆಯಲ್ಲಿ ಚುನಾವಣಾ ಲಂಚ, ಬೆದರಿಕೆ, ಅಕ್ರಮ ಪಾವತಿ ಎಲ್ಲಕ್ಕೂ ಕಲಂಗಳಿವೆ. ಅಭ್ಯರ್ಥಿಯ ಲಿಖಿತ ಒಪ್ಪಿಗೆ ಇಲ್ಲದೆ ಅವರ ಪರವಾಗಿ ಸಭೆಗೆ, ಜಾಹೀರಾತಿಗೆ, ಕರಪತ್ರಕ್ಕೆ ಬೇರೆಯವರು ಖರ್ಚು ಮಾಡುವುದು 176ನೇ ಕಲಂ ಪ್ರಕಾರ ಅಪರಾಧ. ಈ ಕಲಂಗಳು ಪಂಚಾಯಿತಿ, ಪುರಸಭೆ ಚುನಾವಣೆಗೂ ಅನ್ವಯಿಸುತ್ತವೆ. ದಂಡ 10 ಸಾವಿರ ರೂಪಾಯಿವರೆಗೆ ಅಷ್ಟೇ, ಒಪ್ಪುತ್ತೇನೆ. ಆದರೂ ಒಂದು ದೂರು ದಾಖಲಾದರೆ ಕಂಪನಿಯ ಹೆಸರು ಪೊಲೀಸ್ ಕಡತಕ್ಕೆ ಹೋಗುತ್ತದೆ. ಯಾವ ಕಂಪನಿಗೂ ಅದು ಇಷ್ಟವಾಗುವುದಿಲ್ಲ.

ಸಿಎಸ್‌ಆರ್ (ಕಂಪನಿಯ ಸಾಮಾಜಿಕ ಹೊಣೆಗಾರಿಕೆ) ಹಣದಲ್ಲಿ ಊರಿಗೆ ಕೆಲಸ ಮಾಡಿಸಿದರೆ ಅದೂ ತಪ್ಪಾ?

ತಪ್ಪಲ್ಲ. ದೊಡ್ಡ ಕಂಪನಿಗಳು ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಹಾಕಲೇಬೇಕು ಅಂತ ಕಾನೂನೇ ಹೇಳುತ್ತದೆ. ತಾನಿರುವ ಜಾಗದ ಸುತ್ತಮುತ್ತಲಿಗೆ ಮೊದಲ ಆದ್ಯತೆ ಕೊಡಬೇಕು ಅಂತಲೂ ಹೇಳುತ್ತದೆ. ಶಾಲೆಗೆ ಕೊಠಡಿ ಬಂದರೆ ನನಗೂ ಸಂತೋಷವೇ. ಆದರೆ ಅದು ನಿಮ್ಮ ಹಕ್ಕಿನಿಂದ ಬಂದದ್ದು, ಯಾರೋ ಅಭ್ಯರ್ಥಿಯ ಕೈಯಿಂದ ಬಿದ್ದ ಪ್ರಸಾದ ಅಲ್ಲ. ರಾಜಕೀಯ ಪಕ್ಷಕ್ಕೆ ಹೋದ ಹಣವನ್ನು ಸಿಎಸ್‌ಆರ್ ಅಂತ ತೋರಿಸುವಂತಿಲ್ಲ ಎಂದು ನಿಯಮದಲ್ಲಿ ಸ್ಪಷ್ಟವಾಗಿದೆ.

ನೀವು ಮಾಡಬಹುದಾದದ್ದು ಇಷ್ಟು. ಕೆಲಸ ಶುರುವಾಗುವ ಮುಂಚೆ ಗ್ರಾಮ ಸಭೆಯಲ್ಲಿ ಚರ್ಚೆಯಾಗಲಿ, ನಡಾವಳಿ ಪುಸ್ತಕದಲ್ಲಿ ಬರೆಸಿ. ಯಾವ ಕಂಪನಿ, ಎಷ್ಟು ಹಣ, ಯಾರ ಮೂಲಕ ಅಂತ ಫಲಕದಲ್ಲಿ ಹಾಕಿಸಿ. ಉದ್ಘಾಟನೆಗೆ ಶಾಲೆಯ ಮುಖ್ಯ ಶಿಕ್ಷಕರನ್ನೋ ಊರ ಹಿರಿಯರನ್ನೋ ಕರೆಸಿ. ಚುನಾವಣೆಗೆ ನಿಲ್ಲುವವರ ಫೋಟೊ ಇರುವ ಫ್ಲೆಕ್ಸ್ ಕಟ್ಟಲು ಬಿಡಬೇಡಿ.

ಕಂಪನಿಯೇ ನೇರವಾಗಿ ಚುನಾವಣೆಗೆ ಇಳಿದ ಉದಾಹರಣೆ ಇದೆಯಾ?

ಇದೆ, ನಮ್ಮ ಪಕ್ಕದ ಕೇರಳದಲ್ಲೇ. ಎರ್ನಾಕುಲಂ ಜಿಲ್ಲೆಯ ಕಿಳಕ್ಕಂಬಲಂ. ಮಕ್ಕಳ ಉಡುಪು ತಯಾರಿಸಿ ವಿದೇಶಕ್ಕೆ ಕಳಿಸುವ ಕೈಟೆಕ್ಸ್ ಕಂಪನಿ ಇರುವ ಊರು. ಕಂಪನಿಯ ಬಣ್ಣ ಹಾಕುವ ಘಟಕದಿಂದ ಮಾಲಿನ್ಯ ಆಗುತ್ತಿದೆ ಅಂತ ಸ್ಥಳೀಯರ ದೂರಿತ್ತು. ಕಂಪನಿ ಅದನ್ನು ಒಪ್ಪಲಿಲ್ಲ. ಪಂಚಾಯಿತಿ ಜೊತೆ ಪರವಾನಗಿ ವಿಷಯದಲ್ಲಿ ತಿಕ್ಕಾಟ ಬೆಳೆಯಿತು. 2013ರಲ್ಲಿ ಕಂಪನಿಯ ಮುಖ್ಯಸ್ಥ ಸಾಬು ಎಂ. ಜೇಕಬ್ ಮುಂದಾಳತ್ವದಲ್ಲಿ ಟ್ವೆಂಟಿ20 ಎಂಬ ಸಂಘಟನೆ ಹುಟ್ಟಿತು. 2020ರ ಹೊತ್ತಿಗೆ ಊರನ್ನು ದೇಶದ ಮಾದರಿ ಪಂಚಾಯಿತಿ ಮಾಡುತ್ತೇವೆ ಅನ್ನುವುದು ಆ ಹೆಸರಿನ ಅರ್ಥ. ಕಾರ್ಡ್ ಇರುವವರಿಗೆ ಅಕ್ಕಿ, ತರಕಾರಿ, ಹಾಲು ಅಗ್ಗದ ದರದಲ್ಲಿ ಸಿಗುವ ಮಾರುಕಟ್ಟೆ ತೆರೆದರು. ಮನೆ ಕಟ್ಟಿಸಿಕೊಟ್ಟರು, ರಸ್ತೆ ಮಾಡಿಸಿದರು.

2015ರ ಪಂಚಾಯಿತಿ ಚುನಾವಣೆಯಲ್ಲಿ 19 ಸ್ಥಾನಗಳಲ್ಲಿ 17 ಗೆದ್ದರು. 2020ರಲ್ಲಿ ಕಿಳಕ್ಕಂಬಲಂ ಉಳಿಸಿಕೊಂಡು ಪಕ್ಕದ ಐಕ್ಕರನಾಡು, ಕುನ್ನತ್ತುನಾಡು, ಮಳುವನ್ನೂರು ಪಂಚಾಯಿತಿಗಳನ್ನೂ ಹಿಡಿದರು. ಐಕ್ಕರನಾಡಿನಲ್ಲಂತೂ ವಿರೋಧ ಪಕ್ಷಕ್ಕೆ ಒಂದು ಸ್ಥಾನವೂ ಉಳಿಯಲಿಲ್ಲ. 2021ರ ವಿಧಾನಸಭೆ ಚುನಾವಣೆಯಲ್ಲಿ ಮಾತ್ರ ನಿಂತ ಕಡೆ ಎಲ್ಲೂ ಗೆಲ್ಲಲಿಲ್ಲ. ದೊಡ್ಡ ಕಣದಲ್ಲಿ ನಡೆಯದ ದುಡ್ಡು ಸಣ್ಣ ಕಣದಲ್ಲಿ ಹೇಗೆ ನಡೆಯುತ್ತದೆ ಅನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾ?

ಜನರೇ ಮತ ಹಾಕಿದ್ದಾರೆ, ಊರು ಸುಧಾರಿಸಿದೆ. ನಿಮಗೇನು ತೊಂದರೆ?

ಕಿಳಕ್ಕಂಬಲಂನ ಜನರನ್ನು ನಾನು ಬೈಯುವುದಿಲ್ಲ. ಹಳೆಯ ಪಕ್ಷಗಳ ಮೇಲೆ ಬೇಸತ್ತು, ಅಗ್ಗದ ಅಕ್ಕಿ ಸಿಕ್ಕಿತು ಅಂತ ಮತ ಹಾಕಿದರೆ ಅದು ಅವರ ಹಕ್ಕು. ರಸ್ತೆ ಹಾಳಾಗಿರುವ ಊರಲ್ಲಿ ರಸ್ತೆ ಮಾಡಿಕೊಟ್ಟವರು ದೊಡ್ಡವರಾಗಿ ಕಾಣುವುದು ಸಹಜ, ಅಲ್ವಾ?

ನನ್ನ ತಕರಾರು ಒಂದೇ. ಕಾರ್ಖಾನೆಗೆ ಪರವಾನಗಿ ಕೊಡಬೇಕಾದ ಪಂಚಾಯಿತಿಯನ್ನು ಕಾರ್ಖಾನೆಯೇ ನಡೆಸಿದರೆ, ನಾಳೆ ಹಳ್ಳದ ನೀರು ಕೆಂಪಾದಾಗ ಯಾರ ಮನೆ ಬಾಗಿಲಿಗೆ ಹೋಗಬೇಕು? ಪಂಚಾಯಿತಿ ಕೆಟ್ಟದ್ದಾದರೆ ಐದು ವರ್ಷಕ್ಕೆ ಬದಲಿಸಬಹುದು. ಕಂಪನಿಯ ಆಡಳಿತ ಮಂಡಳಿಯನ್ನು ನಾವು ಬದಲಿಸಲಾಗುವುದಿಲ್ಲ. ಅವರು ಉತ್ತರ ಕೊಡಬೇಕಾದದ್ದು ಷೇರುದಾರರಿಗೆ. ಲಾಭ ಕಡಿಮೆಯಾದ ವರ್ಷ ಅಗ್ಗದ ಅಂಗಡಿ ಮುಚ್ಚಿದರೆ ನಾವು ಪ್ರಶ್ನಿಸುವ ಹಾಗಿಲ್ಲ, ಯಾಕಂದರೆ ಅದು ನಮ್ಮ ತೆರಿಗೆಯ ದುಡ್ಡಲ್ಲ. ಪಡಿತರ ಅಂಗಡಿಯಲ್ಲಿ ಅಕ್ಕಿ ಸಿಗದಿದ್ದರೆ ತಹಶೀಲ್ದಾರರ ಕಚೇರಿ ಮುಂದೆ ಕೂರಬಹುದು. ಅಷ್ಟು ಹಕ್ಕನ್ನು ನಾನು ಯಾವ ಅಗ್ಗದ ದರಕ್ಕೂ ಬಿಟ್ಟುಕೊಡಲಾರೆ.

ಗುತ್ತಿಗೆದಾರರೇ ಅಭ್ಯರ್ಥಿಯಾದರೆ?

ಪಂಚಾಯಿತಿಯ ಕೆಲಸದಲ್ಲೋ ಗುತ್ತಿಗೆಯಲ್ಲೋ ನೇರವಾಗಿ ಅಥವಾ ಬೇರೆಯವರ ಹೆಸರಿನಲ್ಲಿ ಪಾಲು ಇದ್ದರೆ ಅವರು ಸದಸ್ಯರಾಗಲು ಅನರ್ಹರು. ಹಳ್ಳಿಯಲ್ಲಿ ಆ "ಬೇರೆಯವರ ಹೆಸರು" ಭಾಮೈದನದ್ದೋ ಹೆಂಡತಿಯದ್ದೋ ಆಗಿರುತ್ತದೆ. ನಾಮಪತ್ರ ಪರಿಶೀಲನೆ ದಿನ ದಾಖಲೆ ಹಿಡಿದು ಆಕ್ಷೇಪಣೆ ಸಲ್ಲಿಸಬೇಕು. ಬರೀ ಬಾಯಿಮಾತು ನಿಲ್ಲುವುದಿಲ್ಲ.

ಸ್ಥಾನ ಹರಾಜು ಹಾಕುವುದು ಊರಿನ ಒಳ್ಳೆಯದಕ್ಕೇ ಅಂತಾರೆ. ನಿಜನಾ?

2020ರ ಡಿಸೆಂಬರ್‌ನ ಗ್ರಾಮ ಪಂಚಾಯಿತಿ ಚುನಾವಣೆ ವೇಳೆ ರಾಜ್ಯದ ಹಲವು ಕಡೆ ಸದಸ್ಯ ಸ್ಥಾನಗಳನ್ನು ಹರಾಜು ಹಾಕಿದ ಸುದ್ದಿ ಬಂತು. ರಾಜ್ಯ ಚುನಾವಣಾ ಆಯೋಗ ಕ್ರಮಕ್ಕೆ ಸೂಚಿಸಿತು. ಹಣ ದೇವಸ್ಥಾನಕ್ಕೆ ಹೋಗುತ್ತದೆ, ಜಗಳ ಇರುವುದಿಲ್ಲ ಅನ್ನುವುದು ಊರವರ ಸಮಾಧಾನ. ಕಲ್ಲು ಕ್ವಾರಿ ನಡೆಸುವವರ ಕಡೆಯವರು ಲಕ್ಷಗಟ್ಟಲೆ ಕೂಗಿ ಅವಿರೋಧವಾಗಿ ಆಯ್ಕೆಯಾದರೆ, ಆ ಹಣವನ್ನು ಎಲ್ಲಿಂದ ವಾಪಸ್ ತೆಗೆಯುತ್ತಾರೆ ಅಂತ ಕೇಳಿಕೊಳ್ಳಿ. ಕೂಲಿ ಮಾಡುವ ಹೆಣ್ಣುಮಗಳು ಮೀಸಲು ಸ್ಥಾನದಲ್ಲಿ ನಿಲ್ಲುವ ಅವಕಾಶವೂ ಹರಾಜಿನ ಕಟ್ಟೆಯಲ್ಲೇ ಮುಗಿದುಹೋಗುತ್ತದೆ.

ಚುನಾವಣೆ ಮುಗಿದರೆ ಅಪಾಯವೂ ಮುಗಿಯಿತು ಅಲ್ವಾ?

ಇಲ್ಲ. ಪಂಚಾಯಿತಿಯಲ್ಲಿ ದುಡ್ಡು ಎರಡನೇ ಸಲ ಬರುವುದು ಅಧ್ಯಕ್ಷ, ಉಪಾಧ್ಯಕ್ಷರ ಆಯ್ಕೆ ಹೊತ್ತಿಗೆ. ಅವರನ್ನು ನಾವು ಆರಿಸುವುದಿಲ್ಲ, ಸದಸ್ಯರು ಆರಿಸುತ್ತಾರೆ. ಅವಧಿ ಎರಡೂವರೆ ವರ್ಷ, ಅಂದರೆ ಐದು ವರ್ಷದಲ್ಲಿ ಎರಡು ಸಲ. ಆಗ ಸದಸ್ಯರನ್ನು ಬಸ್ಸಿನಲ್ಲಿ ತುಂಬಿಕೊಂಡು ಧರ್ಮಸ್ಥಳ, ಗೋವಾ ಅಂತ ಪ್ರವಾಸ ಕರೆದೊಯ್ಯುವುದನ್ನು ನೀವೂ ನೋಡಿರುತ್ತೀರಿ. ಆ ಬಸ್ಸಿನ ಬಾಡಿಗೆ, ರೆಸಾರ್ಟಿನ ಬಿಲ್ಲು ಯಾರು ಕಟ್ಟಿದರು? ಮತದಾರರಿಗೆ ಹಂಚುವ ಹಣಕ್ಕಿಂತ ಈ ಖರ್ಚು ಕಂಪನಿಗೆ ಸುಲಭ. ಇಡೀ ಊರನ್ನು ಒಲಿಸುವುದಕ್ಕಿಂತ ಐದಾರು ಜನರನ್ನು ಒಲಿಸುವುದು ಸಾಕಲ್ಲ. ಪ್ರಚಾರದ ದಿನಗಳಲ್ಲೇ ಅಭ್ಯರ್ಥಿಯಿಂದ ಎಲ್ಲರ ಮುಂದೆ ಮಾತು ತೆಗೆದುಕೊಳ್ಳಿ: ಅಧ್ಯಕ್ಷರ ಆಯ್ಕೆಯ ಹಿಂದಿನ ರಾತ್ರಿ ಅವರು ಅವರ ಮನೆಯಲ್ಲೇ ಮಲಗಬೇಕು. ನಮ್ಮ ವಾರ್ಡಿನ ಹೆಂಗಸರು ಒಮ್ಮೆ ಇದನ್ನೇ ಕೇಳಿದರು. ಗೆದ್ದವರು ಮಾತು ಉಳಿಸಿಕೊಂಡರು.

ಬೆಂಗಳೂರಿನಂಥ ದೊಡ್ಡ ಪಟ್ಟಣದಲ್ಲಿ ಪರಿಸ್ಥಿತಿ ಹೇಗೆ?

ಅಲ್ಲಿ ಚಿತ್ರವೇ ಬೇರೆ. ಬೆಂಗಳೂರು ಮಹಾನಗರ ಪಾಲಿಕೆಗೆ (ಬಿಬಿಎಂಪಿ) ಕೊನೆಯ ಚುನಾವಣೆ ನಡೆದದ್ದು 2015ರ ಆಗಸ್ಟ್‌ನಲ್ಲಿ. 2020ರ ಸೆಪ್ಟೆಂಬರ್‌ನಲ್ಲಿ ಅವಧಿ ಮುಗಿದ ಮೇಲೆ ಆಡಳಿತಾಧಿಕಾರಿಗಳ ಕೈಗೆ ಹೋಯಿತು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳು ಬಂದವು. ಮಧ್ಯದ ಐದು ವರ್ಷ ಆರಿಸಿ ಬಂದ ಕಾರ್ಪೊರೇಟರ್ ಒಬ್ಬರೂ ಇರಲಿಲ್ಲ. ಚುನಾವಣೆಯೇ ಇಲ್ಲದಿದ್ದರೆ ಪ್ರಭಾವ ಬೀರಲು ಚುನಾವಣೆಗೆ ಖರ್ಚು ಮಾಡುವ ಅಗತ್ಯವೂ ಇಲ್ಲ. ನೇರ ವಿಧಾನಸೌಧಕ್ಕೇ ಹೋಗಬಹುದು.

1999ರಲ್ಲಿ ಎಸ್.ಎಂ. ಕೃಷ್ಣ ಸರ್ಕಾರ ನಂದನ್ ನಿಲೇಕಣಿ ನೇತೃತ್ವದಲ್ಲಿ ಬೆಂಗಳೂರು ಅಜೆಂಡಾ ಟಾಸ್ಕ್ ಫೋರ್ಸ್ ರಚಿಸಿತ್ತು. ಪಾಲಿಕೆಯ ಲೆಕ್ಕಪತ್ರ ಸುಧಾರಣೆ, ಸಾರ್ವಜನಿಕ ಶೌಚಾಲಯದಂಥ ಒಳ್ಳೆಯ ಕೆಲಸಗಳೂ ಆದವು. ಆದರೆ ಉದ್ಯಮಿಗಳು ಮತ್ತು ತಜ್ಞರ ಆ ತಂಡವನ್ನು ಯಾವ ವಾರ್ಡಿನವರೂ ಆರಿಸಿರಲಿಲ್ಲ. ಕೊಳೆಗೇರಿಯ ಅಕ್ಕನಿಗೆ ಕಾರ್ಪೊರೇಟರ್ ಮನೆ ಗೊತ್ತಿರುತ್ತದೆ, ಬೆಳಿಗ್ಗೆ ಆರಕ್ಕೆ ಬಾಗಿಲು ತಟ್ಟುತ್ತಾಳೆ. ಟಾಸ್ಕ್ ಫೋರ್ಸ್‌ನ ಬಾಗಿಲು ಎಲ್ಲಿರುತ್ತದೆ ಅಂತ ಅವಳಿಗೆ ಹೇಳಿದವರಿಲ್ಲ. ಹಾಗಾಗಿ ನನ್ನ ಮೊದಲ ಬೇಡಿಕೆ: ಸ್ಥಳೀಯ ಚುನಾವಣೆಗಳು ಸಮಯಕ್ಕೆ ಸರಿಯಾಗಿ ನಡೆಯಲಿ.

ವಿದೇಶಿ ಕಂಪನಿ ಹಣ?

ಪಂಚಾಯಿತಿ ಅಭ್ಯರ್ಥಿಯೂ ವಿದೇಶಿ ಹಣ ಪಡೆಯುವಂತಿಲ್ಲ. 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಲ್ಲಿ ಪಂಚಾಯಿತಿ, ಪುರಸಭೆಗಳೂ ಸೇರಿವೆ.

ಬೇರೆ ದೇಶಗಳಲ್ಲಿ ಇದನ್ನು ಹೇಗೆ ಎದುರಿಸಿದ್ದಾರೆ?

ಅಮೆರಿಕದ ಎರಡು ಊರುಗಳ ಕಥೆ ನನಗೆ ತುಂಬ ಧೈರ್ಯ ಕೊಟ್ಟಿದೆ.

ಮೊದಲನೆಯದು ಕ್ಯಾಲಿಫೋರ್ನಿಯಾದ ರಿಚ್ಮಂಡ್. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ದಂಡೆಯಲ್ಲಿ, ಲಕ್ಷದ ಆಸುಪಾಸು ಜನರಿರುವ ಊರು. ಶೆವ್ರಾನ್ ಕಂಪನಿಯ ತೈಲ ಶುದ್ಧೀಕರಣ ಘಟಕ ಅಲ್ಲಿ ನೂರು ವರ್ಷಕ್ಕೂ ಹಳೆಯದು. 2012ರ ಆಗಸ್ಟ್ 6ರಂದು ಘಟಕಕ್ಕೆ ಬೆಂಕಿ ಬಿತ್ತು. ಹೊಗೆಯಿಂದ ಸುಮಾರು 15 ಸಾವಿರ ಜನ ಆಸ್ಪತ್ರೆ ಮೆಟ್ಟಿಲು ಹತ್ತಿದರು. ನಗರಸಭೆ ಕಂಪನಿ ಮೇಲೆ ಮೊಕದ್ದಮೆ ಹೂಡಿತು. 2014ರ ನಗರಸಭೆ ಚುನಾವಣೆಯಲ್ಲಿ ಶೆವ್ರಾನ್ ಸುಮಾರು 30 ಲಕ್ಷ ಡಾಲರ್ ಸುರಿಯಿತು. ಜಾಹೀರಾತು ಫಲಕ, ಟಿವಿ, ಅಂಚೆಪೆಟ್ಟಿಗೆ ತುಂಬ ಕರಪತ್ರ. ಎದುರಿಗಿದ್ದವರು ಕಂಪನಿ ದುಡ್ಡು ಮುಟ್ಟುವುದಿಲ್ಲ ಅಂತ ಹೇಳಿಕೊಂಡೇ ಮನೆ ಮನೆ ತಿರುಗಿದರು. ಫಲಿತಾಂಶ ಬಂದಾಗ ಕಂಪನಿ ಬೆಂಬಲಿಸಿದವರು ಸೋತಿದ್ದರು. ಕಂಪನಿಯ ಅಭ್ಯರ್ಥಿಯನ್ನು ಸೋಲಿಸಿ ಟಾಮ್ ಬಟ್ ಮೇಯರ್ ಆದರು. ಹತ್ತು ವರ್ಷದ ನಂತರ, 2024ರಲ್ಲಿ, ಘಟಕದ ಮೇಲೆ ಹೊಸ ತೆರಿಗೆ ಹಾಕುವ ಪ್ರಸ್ತಾವವನ್ನು ಅದೇ ನಗರಸಭೆ ಜನಮತಕ್ಕೆ ಇಡಲು ಹೊರಟಾಗ, ಅದರ ಬದಲು ಹತ್ತು ವರ್ಷಗಳಲ್ಲಿ 55 ಕೋಟಿ ಡಾಲರ್ ಕೊಡಲು ಕಂಪನಿ ಒಪ್ಪಿತು. ಗೆದ್ದ ನಗರಸಭೆ ಕಂಪನಿ ಎದುರು ಕೂತು ಲೆಕ್ಕ ಕೇಳಿದ್ದರಿಂದ ಬಂದ ಹಣ ಅದು.

ಎರಡನೆಯದು ಸಿಯಾಟಲ್. ಅಲ್ಲಿ 2015ರಲ್ಲಿ ಮತದಾರರೇ ಒಂದು ಕಾನೂನು ತಂದರು. ಊರಿನ ಪ್ರತಿ ಅರ್ಹ ನಿವಾಸಿಗೆ ತಲಾ 25 ಡಾಲರ್‌ನ ನಾಲ್ಕು ಚೀಟಿ ಬರುತ್ತದೆ. ಇಷ್ಟವಾದ ಅಭ್ಯರ್ಥಿಗೆ ಅದನ್ನು ಕೊಡಬಹುದು, ನಗರಸಭೆ ಅದಕ್ಕೆ ಹಣ ಕೊಡುತ್ತದೆ. ಆಸ್ತಿ ತೆರಿಗೆಯಿಂದ ಬರುವ ಹಣ. ಚೀಟಿ ಪಡೆಯುವ ಅಭ್ಯರ್ಥಿ ಖರ್ಚಿನ ಮಿತಿಗೆ ಒಪ್ಪಬೇಕು. ನಗರಸಭೆಯಿಂದ ದೊಡ್ಡ ಗುತ್ತಿಗೆ ಪಡೆದವರು ಅಭ್ಯರ್ಥಿಗಳಿಗೆ ದೇಣಿಗೆ ಕೊಡುವಂತಿಲ್ಲ ಅಂತಲೂ ಅದೇ ಕಾನೂನು ಹೇಳಿತು. ಇದೊಂದನ್ನು ನಾವು ನಾಳೆಯೇ ತರಬಹುದು. ಅಲ್ಲಿರುವ ನಮ್ಮ ಕನ್ನಡಿಗರು ಗಮನಿಸಿ: ಪೌರತ್ವ ಇಲ್ಲದಿದ್ದರೂ ಗ್ರೀನ್ ಕಾರ್ಡ್ ಇದ್ದರೆ ಚೀಟಿಗೆ ಅರ್ಜಿ ಹಾಕಬಹುದು. ಮತ ಹಾಕಲಾಗದವರಿಗೂ ಊರ ವಿಷಯದಲ್ಲಿ ಒಂದು ಪಾಲು ಸಿಕ್ಕಿತು.

ಚೀಟಿ ಬಂದ ಕೂಡಲೇ ಕಂಪನಿ ದುಡ್ಡು ನಿಂತಿತಾ? ಇಲ್ಲ. 2018ರಲ್ಲಿ ನಗರಸಭೆ ದೊಡ್ಡ ಕಂಪನಿಗಳಿಗೆ ಕೆಲಸಗಾರರ ತಲೆಗಿಷ್ಟು ಅಂತ ತೆರಿಗೆ ಹಾಕಿ ಒಂದೇ ತಿಂಗಳಲ್ಲಿ ವಾಪಸ್ ಪಡೆದ ಜಗಳದ ನಂತರ, 2019ರ ಚುನಾವಣೆಗೆ ಅದೇ ಊರಿನ ಅಮೆಜಾನ್ ಕಂಪನಿ ಸುಮಾರು 15 ಲಕ್ಷ ಡಾಲರ್ ಹಾಕಿತು. ಅಭ್ಯರ್ಥಿಗೆ ನೇರ ಕೊಡದೆ ಬೇರೆ ಸಮಿತಿಯ ಮೂಲಕ ಖರ್ಚು ಮಾಡುವುದನ್ನು ತಡೆಯಲಾಗದು ಅಂತ ಅಲ್ಲಿನ ಸುಪ್ರೀಂ ಕೋರ್ಟ್ 2010ರಲ್ಲೇ ತೀರ್ಪು ಕೊಟ್ಟಿತ್ತು. ಆದರೆ ಜನ ಸಿಟ್ಟಾದರು. ಆ ಹಣ ಬೆಂಬಲಿಸಿದ ಹೆಚ್ಚಿನವರು ಸೋತರು. ಪುಣೆಯಲ್ಲಿ ಹುಟ್ಟಿದ ನಗರಸಭೆ ಸದಸ್ಯೆ ಕ್ಷಮಾ ಸಾವಂತ್ ಮತ್ತೆ ಗೆದ್ದರು. ಮುಂದಿನ ಜನವರಿಯಲ್ಲೇ ನಗರಸಭೆ, ವಿದೇಶಿ ಹೂಡಿಕೆ ಇಂತಿಷ್ಟಕ್ಕಿಂತ ಜಾಸ್ತಿ ಇರುವ ಕಂಪನಿಗಳು ಊರ ಚುನಾವಣೆಗೆ ಖರ್ಚು ಮಾಡುವುದನ್ನು ನಿಷೇಧಿಸಿತು.

ನಾನು ಅದೇ ಕಂಪನಿಯಲ್ಲಿ ಕೆಲಸ ಮಾಡುತ್ತೇನೆ. ಮ್ಯಾನೇಜರ್ ಇಂಥವರಿಗೇ ಹಾಕಿ ಅಂತಾರೆ. ಏನು ಮಾಡಲಿ?

ಕೆಲಸ ಕಳೆದುಕೊಳ್ಳಬೇಡಿ. ನಿಮ್ಮ ಮತ ಗುಟ್ಟಿನದು, ಯಾರಿಗೂ ಹೇಳಬೇಕಾಗಿಲ್ಲ. ಮತಗಟ್ಟೆಯಲ್ಲಿ ಮೊಬೈಲ್‌ನಿಂದ ಫೋಟೊ ತೆಗೆದು ತೋರಿಸು ಅಂತ ಕೇಳಿದರೆ ಅದಂತೂ ದೊಡ್ಡ ಅಪರಾಧ. ಕೆಲಸದಿಂದ ತೆಗೆಯುತ್ತೇವೆ ಅಂತ ಹೆದರಿಸುವುದು ಚುನಾವಣೆಯಲ್ಲಿ ಅನುಚಿತ ಒತ್ತಡ, ಅದಕ್ಕೆ ಶಿಕ್ಷೆಯಿದೆ. ಸಂದೇಶ ಬಂದಿದ್ದರೆ ಅಳಿಸಬೇಡಿ. ನೀವು ಮುಂದೆ ಬರಲಾಗದಿದ್ದರೆ ಕಂಪನಿಯಲ್ಲಿ ಇಲ್ಲದ ಮತದಾರರೊಬ್ಬರ ಕೈಯಲ್ಲಿ ದೂರು ಕೊಡಿಸಿ.

ದೂರು ಯಾರಿಗೆ ಕೊಡಬೇಕು?

ತುಂಬ ಜನ ಇಲ್ಲಿ ಎಡವುತ್ತಾರೆ. ಸ್ಥಳೀಯ ಚುನಾವಣೆ ನಡೆಸುವುದು ಭಾರತ ಚುನಾವಣಾ ಆಯೋಗ ಅಲ್ಲ, ಕರ್ನಾಟಕ ರಾಜ್ಯ ಚುನಾವಣಾ ಆಯೋಗ. ಎರಡೂ ಬೇರೆ ಬೇರೆ ಸಂಸ್ಥೆ. ಆದ್ದರಿಂದ ಲಿಖಿತ ದೂರನ್ನು ನಿಮ್ಮ ಪಂಚಾಯಿತಿ ಅಥವಾ ವಾರ್ಡಿನ ಚುನಾವಣಾಧಿಕಾರಿಗೆ, ತಹಶೀಲ್ದಾರರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಪ್ರತಿಯನ್ನು ಜಿಲ್ಲಾಧಿಕಾರಿಗೂ ರಾಜ್ಯ ಆಯೋಗಕ್ಕೂ ಕಳಿಸಿ. ಹಣ, ಸೀರೆ, ಕುಕ್ಕರ್ ಹಂಚಿಕೆ ಕಣ್ಣಾರೆ ಕಂಡರೆ ಪೊಲೀಸ್ ಠಾಣೆಗೂ ಹೋಗಿ. ತಾರೀಕು, ಜಾಗ, ವಾಹನದ ನಂಬರ್ ಬರೆದುಕೊಳ್ಳಿ.

ಫಲಿತಾಂಶ ಬಂದ ಮೇಲಾದರೆ ಚುನಾವಣಾ ತಕರಾರು ಅರ್ಜಿ. ಗ್ರಾಮ ಪಂಚಾಯಿತಿಗೆ 30 ದಿನದೊಳಗೆ ನ್ಯಾಯಾಲಯಕ್ಕೆ ಹಾಕಬೇಕು. ಸೋತ ಅಭ್ಯರ್ಥಿಯೇ ಹಾಕಬೇಕೆಂದಿಲ್ಲ, ಮತದಾರರೂ ಹಾಕಬಹುದು. ಗಡುವು ಮೀರಿದರೆ ಎಷ್ಟು ಒಳ್ಳೆಯ ಸಾಕ್ಷಿ ಇದ್ದರೂ ಕಷ್ಟ.

ಕಂಪನಿ ದುಡ್ಡಿಲ್ಲದೆ ಗೆಲ್ಲಲು ಆಗುತ್ತಾ?

ನಾನು ಕಂಡಂತೆ, 300 ಮತದಾರರ ವಾರ್ಡಿನಲ್ಲಿ ಆಗುತ್ತದೆ. ಒಬ್ಬರು ದಿನಕ್ಕೆ ಹತ್ತು ಮನೆ ಹೋದರೆ ಹತ್ತು ದಿನದಲ್ಲಿ ವಾರ್ಡ್ ಮುಗಿಯುತ್ತದೆ. ಕರಪತ್ರದ ಖರ್ಚಿಗೆ ಮನೆಗೆ 20 ರೂಪಾಯಿ ಕೇಳಿ. 20 ರೂಪಾಯಿ ಕೊಟ್ಟವರು ತಮ್ಮ ಅಭ್ಯರ್ಥಿ ಅಂತ ಭಾವಿಸುತ್ತಾರೆ, ಮತದಾನದ ದಿನ ಅಜ್ಜಿಯನ್ನೂ ಕರೆತರುತ್ತಾರೆ. ಬಂದ ಹಣದ ಪಟ್ಟಿಯನ್ನು ಅರಳಿಕಟ್ಟೆಯಲ್ಲಿ ಅಂಟಿಸಿ. ಎದುರಾಳಿಗೂ "ನಿಮ್ಮ ಪಟ್ಟಿ ಎಲ್ಲಿ?" ಅಂತ ಕೇಳುವ ನೈತಿಕ ಬಲ ನಿಮಗೆ ಬರುತ್ತದೆ.

ಗೆದ್ದವರು ಯಾರ ಪರ ಇದ್ದಾರೆ ಅಂತ ಆಮೇಲೆ ಹೇಗೆ ತಿಳಿಯುವುದು?

ಮಾಹಿತಿ ಹಕ್ಕು ಅರ್ಜಿ ಹಾಕಿ. ಪಂಚಾಯಿತಿಯಲ್ಲಿ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರೇ ಮಾಹಿತಿ ಅಧಿಕಾರಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡ್ ಇದ್ದವರಿಗೆ ಅದೂ ಇಲ್ಲ. ಕರ್ನಾಟಕದಲ್ಲಿ ಅರ್ಜಿ 150 ಪದ ಮೀರಬಾರದು, ಒಂದು ಅರ್ಜಿಗೆ ಒಂದೇ ವಿಷಯ. ಉತ್ತರ 30 ದಿನದಲ್ಲಿ ಬರಬೇಕು. ನಾನು ಕೇಳುವುದು ಮೂರು ಸಂಗತಿ, ಮೂರು ಬೇರೆ ಅರ್ಜಿಯಲ್ಲಿ. ಕಳೆದ ಒಂದು ವರ್ಷದಲ್ಲಿ ಯಾವ ಕಂಪನಿಗೆ ಪರವಾನಗಿ ಅಥವಾ ನಿರಾಕ್ಷೇಪಣಾ ಪತ್ರ ಕೊಟ್ಟಿದ್ದೀರಿ, ಆ ಸಭೆಯ ನಡಾವಳಿ ಪ್ರತಿ ಕೊಡಿ. ಯಾವ ಕಂಪನಿಯಿಂದ ಎಷ್ಟು ತೆರಿಗೆ ಬಾಕಿ ಇದೆ. ಯಾವ ಕಾಮಗಾರಿಯ ಗುತ್ತಿಗೆ ಯಾರಿಗೆ ಹೋಗಿದೆ.

ನಮ್ಮ ಕ್ರಷರ್ ವಿಷಯದಲ್ಲಿ ಎರಡನೇ ಅರ್ಜಿಯ ಉತ್ತರವೇ ಕೆಲಸಕ್ಕೆ ಬಂತು. ನೀರಿನ ಘಟಕ ಕೊಟ್ಟವರು ಹಲವು ವರ್ಷಗಳಿಂದ ತೆರಿಗೆಯನ್ನೇ ಕಟ್ಟಿರಲಿಲ್ಲ. ಆ ಹಾಳೆಯನ್ನು ಮುಂದಿನ ಗ್ರಾಮ ಸಭೆಯಲ್ಲಿ ಗಟ್ಟಿಯಾಗಿ ಓದಿದೆವು. ಹಿಂದೆ "ಸುಮ್ನಿರಪ್ಪ" ಅಂದಿದ್ದ ಪಕ್ಕದವರೇ ಎದ್ದು ನಿಂತು, ಬಾಕಿ ಕಟ್ಟುವವರೆಗೆ ಪರವಾನಗಿ ನವೀಕರಣ ಬೇಡ ಅಂತ ಬರೆದುಕೊಳ್ಳಿ ಎಂದು ಪಿಡಿಒ ಅವರಿಗೆ ಹೇಳಿದರು.